ಸದ್ದಿಲ್ಲದ ಬ್ರೇಕು

ನಡುರಾತ್ರಿಯಲ್ಲಿ ಕರ್, ಕರ್ ಎಂಬ ಸಣ್ಣ ಸದ್ದಾಯಿತು. ಇಲಿ ಎಂದುಕೊಂಡೆ. ಮೂಡಿಗೆರೆಯ ಆ ಲಾಡ್ಜಿನಲ್ಲಿ ಮಲಗುವ ಮೊದಲು ನಾನು ಬಾಗಿಲ ಚಿಲಕ ನೋಡಿದ್ದೆ, ಕಿಟಕಿ ನೋಡಿದ್ದೆ, ಗೀಸರಿನ ಸ್ವಿಚ್ಚು ಆರಿಸಿದ್ದು ನಿಜವೇ ಎಂದು ಎದ್ದು ಹೋಗಿ ಮತ್ತೊಮ್ಮೆ ನೋಡಿದ್ದೆ. ಇಲಿಯ ವಿಚಾರ ಮಾತ್ರ ಹೊಳೆದಿರಲಿಲ್ಲ. ರಗ್ಗನ್ನು ಒಂದು ಕಣ್ಣಿನಷ್ಟು ಸರಿಸಿ ನೋಡಿದರೆ, ನಮ್ಮಿಬ್ಬರ ಸೈಕಲ್ಲುಗಳ ಪಕ್ಕದಲ್ಲಿ ಅತ್ತಿಗೆ ನೆಲದ ಮೇಲೆ ಕೂತಿದ್ದರು. ಮೊಬೈಲಿನ ಬೆಳಕಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯೊಳಗೆ ಹೇರ್‌ಪಿನ್ನು ತೂರಿಸಿ ಕೆರೆಯುತ್ತಿದ್ದರು. ಜನವರಿಯ ಚಳಿಗೆ ಎಣ್ಣೆ ಮೇಣದ ಹಾಗೆ ಹೆಪ್ಪುಗಟ್ಟಿತ್ತು.

ಮಂಡಿಗೆ ಹಚ್ಚಿಕೊಳ್ಳಲು ಇರಬೇಕು ಎಂದುಕೊಂಡೆ. ಮಂಡಿ ನೋವು ಎಂದರೆ ವಿಘ್ನೇಶನಿಗೆ ಹೇಳಬೇಕು. ಹೇಳಿದರೆ ಅವನು ಕಾರು ತರುತ್ತಾನೆ. ಕಾರು ಬಂದರೆ ಸಮುದ್ರ ಇಲ್ಲ. ಇಷ್ಟನ್ನು ಯೋಚಿಸಿ, ಅತ್ತಿಗೆ ತಾವಾಗಿ ಹೇಳುವವರೆಗೆ ನಾನು ಮಲಗಿದ್ದೇನೆ ಎಂದು ತೀರ್ಮಾನಿಸಿ ಕಣ್ಣು ಮುಚ್ಚಿದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಸುಶೀಲಾ. ತಿಪಟೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದು ಹೋದ ವರ್ಷ ನಿವೃತ್ತರಾದವರು. ಕೆಲಸ ಬಿಟ್ಟರೂ ಕೊರಳಿನ ವಿಷಲ್ ಬಿಟ್ಟಿಲ್ಲ. ತಿಪಟೂರಿನಿಂದ ಮಲ್ಪೆಯವರೆಗೆ ಸೈಕಲ್ಲಿನಲ್ಲಿ ಹೋಗಿ, ಮುಂದಿನ ಚಕ್ರವನ್ನು ಸಮುದ್ರದಲ್ಲಿ ಅದ್ದಬೇಕು ಎನ್ನುವುದು ಅವರ ಆಸೆ. ಯಾಕೆ ಎಂದು ಕೇಳಿದವರಿಗೆ, "ಚಕ್ರ ಇರೋದು ಯಾಕೆ?" ಎಂದು ತಿರುಗಿ ಕೇಳುತ್ತಿದ್ದರು. ನಮ್ಮಣ್ಣ ಇದರಲ್ಲಿ ತಲೆ ಹಾಕಲಿಲ್ಲ. ಆದರೆ ಮಗ ವಿಘ್ನೇಶ ಹಾಕಿದ. "ಹೋಗಮ್ಮ. ಆದ್ರೆ ಒಂದು ಸಲ ಬಿದ್ರೆ ಮುಗೀತು. ಎಲ್ಲಿದ್ರೂ ಕಾರು ತರ್ತೀನಿ, ಸೈಕಲ್ ಮೇಲೆ ಕಟ್ತೀನಿ, ಮನೆಗೆ. ಒಪ್ಪಿಗೇನಾ?" ಅತ್ತಿಗೆ ಒಪ್ಪಿದರು. ಬಿದ್ದರೆ ಅವರು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ನನ್ನನ್ನು ಜೊತೆಗೆ ಕಳಿಸಿದ.

ನಾನು ಪಿ.ಯು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ದಿನಾ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ, ಇಳಿಜಾರಿದ್ದರೆ ಇಳಿದು ತಳ್ಳಿಕೊಂಡು. ಮನೆಯಲ್ಲಿ ಎಲ್ಲರೂ ಒಪ್ಪುವ ಮಾತೊಂದಿದೆ: ಮಾಲವಿಕಾಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳಿಕೆಯೋ ಮರುಕವೋ ನಾನು ವಿಚಾರಿಸಲು ಹೋಗಿಲ್ಲ.

ಹೀಗೆ ಹೊರಟು ಅರಸೀಕೆರೆ, ಕಡೂರು, ಚಿಕ್ಕಮಗಳೂರು ದಾಟಿ, ವಸ್ತಾರೆ, ಆಲ್ದೂರಿನ ಏರು ತಿರುವುಗಳನ್ನು ಹತ್ತಿ ಮೂಡಿಗೆರೆಗೆ ಬಂದು ಬಿದ್ದಿದ್ದೆವು. ತಪ್ಪಾಯಿತು, ಬಂದು ಸೇರಿದ್ದೆವು. ಆ ಪ್ರಯಾಣದಲ್ಲಿ ಬೀಳು ಎಂಬ ಕ್ರಿಯಾಪದವನ್ನು ನಾನು ಯಾವ ಅರ್ಥದಲ್ಲೂ ಬಳಸುತ್ತಿರಲಿಲ್ಲ.

ದಾರಿಯುದ್ದಕ್ಕೂ ಅತ್ತಿಗೆಯ ಸೈಕಲ್ಲಿಗೆ ಒಂದೇ ಕಾಯಿಲೆ. ಬ್ರೇಕು ಹಿಡಿದರೆ ಕಿ...ರ್ ಎಂದು ಕಿರುಚುತ್ತಿತ್ತು. ನಾಯಿಗಳು ಏಳುತ್ತಿದ್ದವು. ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ, "ಅಮ್ಮೋರೇ, ಸೈಕಲ್ ಅಳ್ತಾ ಇದೆಯಲ್ಲ, ಹಾಲು ಕುಡಿಸಿ," ಎಂದಿದ್ದರು. ಎಲ್ಲರೂ ನಕ್ಕರು. ಅತ್ತಿಗೆಗೆ ಮರ್ಯಾದೆ ಹೋದಂತಾಯಿತು. ನನಗೆ ಮಾತ್ರ ಆ ಸದ್ದು ಇಷ್ಟ. ಹಿಂದೆ ಬರುವ ನಾನು, ಅದು ಕೇಳಿದರೆ ಅತ್ತಿಗೆ ನಿಧಾನವಾಗುತ್ತಿದ್ದಾರೆ ಎಂದು ಸಮಾಧಾನಪಡುತ್ತಿದ್ದೆ.

ಬೆಳಿಗ್ಗೆ ಹೊರಟಾಗ ಎದುರಿನ ಅಂಗಡಿಯೂ ಕಾಣದಷ್ಟು ಮಂಜು. ಲಾಡ್ಜಿನ ಗೇಟಿನಲ್ಲಿ ಅತ್ತಿಗೆ ಬ್ರೇಕು ಹಿಡಿದರು. ಸದ್ದಿಲ್ಲ. ತಿರುಗಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು.

"ಏನೋ ಬದಲಾಗಿದೆ ಅನ್ನಿಸ್ತಿಲ್ವೇನೆ?"

"ಮಂಜಿಗೆ ಒದ್ದೆಯಾಗಿದೆ ಅತ್ತಿಗೆ, ಅದಕ್ಕೆ," ಎಂದೆ.

"ಹೂಂ, ಮಂಜು," ಎಂದು ಮುಗುಳ್ನಕ್ಕು ಪೆಡಲು ತುಳಿದರು.

ಸೊಳ್ಳೆ ಎಲ್ಲಿ ಕೂತಿದೆ ಎಂದು ಮೂರು ಕೋಣೆ ಆಚೆಯಿಂದ ಹೇಳಬಲ್ಲ ನಾನು ಇದನ್ನೂ ಗಮನಿಸಿದೆ. ಗಮನಿಸಿ, ಮಂಜಿನ ತಲೆಗೆ ಕಟ್ಟಿ, ಮುಂದೆ ಹೋದೆ.

ಬಣಕಲ್ ದಾಟಿ ಕೊಟ್ಟಿಗೆಹಾರ ತಲುಪುವ ಹೊತ್ತಿಗೆ ಹೊಟ್ಟೆ ಹಸಿದಿತ್ತು. ಹೋಟೆಲಿನಲ್ಲಿ ನೀರುದೋಸೆ ಬರುತ್ತಲೇ ಇತ್ತು, ಅತ್ತಿಗೆ ತಿನ್ನುತ್ತಲೇ ಇದ್ದರು. ಆಗ ವಿಘ್ನೇಶನ ಫೋನು.

"ಅತ್ತೆ, ಅಮ್ಮ ಬಿದ್ರಾ?" ಅವನು ಹೀಗೇ ಶುರುಮಾಡುತ್ತಿದ್ದ. ನಮಸ್ಕಾರದ ಬದಲು.

"ಇಲ್ಲ."

"ಸುಸ್ತು?"

"ದೋಸೆ ತಿಂತಾ ಇದಾರೆ."

"ಮಂಡಿ?"

ನಾನು ಮಾತನ್ನು ತೂಗಿದೆ. "ಮಂಡಿ ಬಗ್ಗೆ ಅವರು ನನ್ನ ಹತ್ರ ಏನೂ ಹೇಳಿಲ್ಲ."

ಫೋನು ಇಟ್ಟ ಮೇಲೆ ಅತ್ತಿಗೆ ದೋಸೆ ಬಾಯಲ್ಲಿಟ್ಟುಕೊಂಡೇ ಕೇಳಿದರು. "ನನ್ನ ಮಂಡಿಗೇನಾಗಿದೆಯೇ?"

"ರಾತ್ರಿ ಎಣ್ಣೆ ಹಚ್ಕೊಳ್ತಿದ್ರಿ."

"ಓ, ಅದಾ!" ಅವರ ಮುಖ ಅರಳಿತು. "ಮಂಡಿಗಲ್ಲ ಕಣೆ. ಇರಲಿ, ಸಂಜೆ ನಿನಗೂ ಮಾಡಿಕೊಡ್ತೀನಿ."

ಮಂಡಿಯಲ್ಲ ಎಂದು ತಿಳಿದದ್ದೇ ನನಗೆ ಎಷ್ಟು ಹಗುರವಾಯಿತೆಂದರೆ, ಮತ್ತೆ ಯಾವುದಕ್ಕೆ ಎಂದು ಕೇಳುವುದನ್ನೇ ಮರೆತೆ. ಅಷ್ಟರಲ್ಲಿ ಹೋಟೆಲಿನವರು ಹೊಸ ಚಿಂತೆ ಕೊಟ್ಟರು. "ಬಾಳೂರು ಕಡೆ ಆನೆ ಇದೆಯಂತೆ, ಬೆಳಿಗ್ಗೆ ಮೊಬೈಲಲ್ಲಿ ಬಂದಿತ್ತು. ನೋಡ್ಕೊಂಡು ಹೋಗಿ."

"ನಾವು ನೋಡ್ಕೊಂಡೇ ಹೋಗೋದು. ಅದು ನಮ್ಮನ್ನ ನೋಡಿದ್ರೆ ಅದರ ಪುಣ್ಯ," ಎಂದು ಅತ್ತಿಗೆ ಹೆಲ್ಮೆಟ್ ಹಾಕಿಕೊಂಡರು. ಹಳದಿ ಹೆಲ್ಮೆಟ್, ಹಳದಿ ಜಾಕೀಟು. ದೂರದಿಂದ ನೋಡಿದರೆ ಸೂರ್ಯಕಾಂತಿಯೊಂದು ಸೈಕಲ್ ಹತ್ತಿದಂತೆ ಇದ್ದರು.

ಚಾರ್ಮಾಡಿಯ ಗಾಡಿಗಳೆಲ್ಲ ಘಾಟಿಯ ಕಡೆ ಹೋದವು. ನಾವು ಕಳಸದ ದಾರಿಗೆ ತಿರುಗಿದೆವು. ಏರು ಎಂದರೆ ಏರು. ಇನ್ನೇನು ಮುಗಿಯಿತು ಎನ್ನುವ ತಿರುವಿನ ಆಚೆ ಇನ್ನೊಂದು ಏರು ಕಾಯುತ್ತಿತ್ತು. ಎರಡೂ ಬದಿ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು, ಅದರ ಕೆಳಗೆ ಕಾಫಿ ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದ್ದವು. ಎಲ್ಲಿಂದಲೋ ಒಣಗುವ ಕಾಫಿಯ ಹುಳಿ ವಾಸನೆ. ಅತ್ತಿಗೆ ಪೆಡಲಿಗೊಂದರಂತೆ "ಒನ್! ಟೂ! ಒನ್! ಟೂ!" ಎಂದು ಡ್ರಿಲ್ಲು ಹೇಳುತ್ತಿದ್ದರು. ತೋಟದೊಳಗೆ ಹಣ್ಣು ಕುಯ್ಯುತ್ತಿದ್ದ ಯಾರೋ ಕಾಣದ ಹೆಂಗಸರು "ತ್ರೀ! ಫೋರ್!" ಎಂದು ಮಾರುತ್ತರ ಕೊಟ್ಟರು. ನನಗೆ ಉಸಿರೇ ಇಲ್ಲದಾಗ ನಗು ಬಂತು. ಉಸಿರಿಲ್ಲದೆ ನಗುವುದು ಅಪಾಯವೇ ಎಂದು ಸ್ವಲ್ಪ ಹೊತ್ತು ಚಿಂತಿಸಿದೆ.

ಏರಿನ ತುದಿ ಮುಟ್ಟಿದಾಗ ಮಂಜು ಒಮ್ಮೆಲೇ ಕಳಚಿಕೊಂಡಿತು. ಬಿಸಿಲು ಬೆನ್ನಿನ ಮೇಲೆ ಬಿಸಿನೀರು ಸುರಿದಂತೆ ಬಿತ್ತು. ಎದುರಿಗೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ನೀಲಿ ಗುಡ್ಡ, ಕೆಳಗೆ ಹಾವಿನಂತೆ ಸುತ್ತಿ ಇಳಿಯುವ ರಸ್ತೆ.

"ಹೋಗೋಣ್ವಾ?" ಎಂದರು ಅತ್ತಿಗೆ.

"ನಿಧಾನವಾಗಿ," ಎಂದೆ. ಆ ಪದ ಅವರ ಕಿವಿಗೆ ತಲುಪುವಷ್ಟರಲ್ಲಿ ಅವರು ಮೊದಲ ತಿರುವಿನಲ್ಲಿದ್ದರು.

ನಾನು ಎರಡೂ ಬ್ರೇಕು ಹಿಡಿದು, ಬೆರಳು ಬಿಳಿಚಿಕೊಂಡು, ಹಿಂದೆ ಇಳಿದೆ. ತಿರುವಿಗೊಮ್ಮೆ ಕಿರ್ ಎನ್ನುವ ಸದ್ದಿಗೆ ಕಿವಿಗೊಟ್ಟೆ. ಇಲ್ಲ. ಇನ್ನೊಂದು ತಿರುವು. ಇಲ್ಲ. ಅತ್ತಿಗೆಯ ಹಳದಿ ಬೆನ್ನು ಚಿಕ್ಕದಾಗುತ್ತ ಹೋಯಿತು. ಕಾಫಿ ಕುಯ್ಯುವವರನ್ನು ತುಂಬಿಕೊಂಡು ಹೋಗುತ್ತಿದ್ದ ಒಂದು ಜೀಪನ್ನು ಅವರು ದಾಟಿಯೇ ಬಿಟ್ಟರು. ಜೀಪಿನಲ್ಲಿದ್ದವರೆಲ್ಲ "ಹೋ!" ಎಂದು ಕೇಕೆ ಹಾಕಿದರು.

ಆಗ ವಿಷಲ್ ಕೇಳಿಸಿತು. ಪೀ! ಖುಷಿಗೆ ಊದಿದರು ಎಂದುಕೊಂಡೆ. ಪೀ ಪೀ ಪೀ! ಇದು ಖುಷಿಯಲ್ಲ. ಗಾಳಿಯಲ್ಲಿ ಮಾತು ತೇಲಿ ಬಂತು.

"ಬ್ರೇಕ್ ಹಿಡೀತಿಲ್ಲ ಕಣೇ!"

ಮುಂದೆ ರಸ್ತೆ ಎಡಕ್ಕೆ ತಿರುಗುತ್ತಿತ್ತು. ಆ ತಿರುವಿನ ಆಚೆಯಿಂದ ಮೇಲೆ ಬರುತ್ತಿದ್ದ ಬಸ್ಸು ಹಾರ್ನ್ ಹೊಡೆಯಿತು. ತಿರುವಿನಲ್ಲಿ ನೇರಕ್ಕೆ ಒಂದು ಎಸ್ಟೇಟಿನ ಗೇಟು, ಯಾರ ಪುಣ್ಯವೋ, ಹಾರು ಹೊಡೆದಿತ್ತು. ಅತ್ತಿಗೆ ತಿರುಗಲಿಲ್ಲ. ಎರಡೂ ಕಾಲು ಅಗಲಿಸಿ, ಬಾಯಲ್ಲಿ ವಿಷಲ್ ಕಚ್ಚಿ, ಗೇಟಿನೊಳಗೆ ನೇರವಾಗಿ ನುಗ್ಗಿದರು. ಒಳಗಿನ ದಾರಿ ಇನ್ನೂ ಇಳಿಜಾರು. ಕೋಳಿಗಳು ಹಾರಿದವು. ಅಟ್ಟಿಸಿಕೊಂಡು ಬಂದ ನಾಯಿಯೊಂದು ನಾಲ್ಕು ಹೆಜ್ಜೆ ಓಡಿ, ಇದು ತನ್ನಿಂದಾಗುವ ಕೆಲಸವಲ್ಲ ಎಂದು ನಿಂತಿತು. ದಾರಿಯ ಕೊನೆಗೆ ವಿಶಾಲವಾದ ಕಣ, ಅದರಲ್ಲಿ ಸಾಲುಸಾಲಾಗಿ ಒಣಗಲು ಹರಡಿದ ಕಾಫಿ. ಉದ್ದ ಹಿಡಿಯ ಹಲಗೆಯಲ್ಲಿ ಕಾಫಿ ಎಳೆಯುತ್ತಿದ್ದ ಹೆಂಗಸೊಬ್ಬರು ಹಲಗೆಯನ್ನು ಎತ್ತಿಕೊಂಡು ಪಕ್ಕಕ್ಕೆ ಜಿಗಿದರು. ಸಾಲಿಗಿಷ್ಟರಂತೆ ಸೈಕಲ್ಲಿನ ವೇಗ ಕುಗ್ಗಿತು. ಕೊನೆಗೆ, ಹಿಂದಿನ ದಿನ ಕುಯ್ದು ರಾಶಿ ಹಾಕಿದ್ದ ಹಸಿ ಹಣ್ಣಿನ ಗುಡ್ಡೆಗೆ ಅತ್ತಿಗೆ ಧೊಪ್ಪೆಂದು ಹೊಕ್ಕರು.

ವಿಷಲ್ ನಿಂತಿತು.

ನಾನು ಸೈಕಲ್ಲನ್ನು ಗೇಟಿನಲ್ಲೇ ಬಿಸಾಡಿ ಓಡಿದೆ. ಗುಡ್ಡೆಯಿಂದ ಎರಡು ಕಾಲು ಹೊರಗಿದ್ದವು. ಹೆಲ್ಮೆಟ್ಟು ಮೆಲ್ಲಗೆ ಮೇಲೆದ್ದಿತು. ಮುಖವೆಲ್ಲ ಕೆಂಪು.

"ರಕ್ತ! ಅತ್ತಿಗೆ, ರಕ್ತ!"

ಅತ್ತಿಗೆ ಕೆನ್ನೆಗೆ ಅಂಟಿದ್ದ ಹಣ್ಣಿನ ಸಿಪ್ಪೆಯನ್ನು ತೆಗೆದು ನೋಡಿದರು. ಬಾಯಿಂದ ವಿಷಲನ್ನೂ ಒಂದು ಕಾಫಿ ಬೀಜವನ್ನೂ ಉಗಿದರು. "ಸಿಹಿ ಇದೆ ಕಣೆ," ಎಂದರು.

ಜಗುಲಿಯಿಂದ ಎಪ್ಪತ್ತರ ಆಸುಪಾಸಿನ ಯಜಮಾನಿಯೊಬ್ಬರು ಊರುಗೋಲು ಊರಿ ಇಳಿದು ಬಂದರು. ಗುಡ್ಡೆಯನ್ನು ನೋಡಿದರು, ಅತ್ತಿಗೆಯನ್ನು ನೋಡಿದರು.

"ಎಂತ ಮಾರಾಯ್ತಿ, ಮನೆಗೆ ಬರೋರು ಗೇಟಲ್ಲಿ ಬೆಲ್ ಮಾಡಿ ಬರಲ್ವಾ?"

"ಬೆಲ್ ಇಲ್ಲ, ವಿಷಲ್ ಊದಿದ್ನಲ್ಲಾ," ಎಂದರು ಅತ್ತಿಗೆ.

"ಅದೂ ಸರಿಯೇ. ಮೊದ್ಲು ಬೂಟು ಬಿಚ್ಚಿ. ಕಣದಲ್ಲಿ ಚಪ್ಪಲಿ ಹಾಕ್ಬಾರ್ದು."

ಗುಡ್ಡೆಯಲ್ಲಿ ಅರ್ಧ ಹೂತಿದ್ದ ಅತ್ತಿಗೆ ಅಲ್ಲೇ ಮಲಗಿ ಭಕ್ತಿಯಿಂದ ಒಂದೊಂದೇ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನೂ ನನ್ನದನ್ನು ಬಿಚ್ಚಿದೆ. ಬಿಸಿಲಿಗೆ ಕಾದ ಕಣ ಪಾದಕ್ಕೆ ಹಿತವಾಗಿತ್ತು. ಹಲಗೆ ಹಿಡಿದಿದ್ದ ಹೆಂಗಸು, ತಿಮ್ಮಮ್ಮ, ಇನ್ನೂ ಎದೆ ನೀವಿಕೊಳ್ಳುತ್ತಿದ್ದರು. "ನಾನು ಕಾಡುಕೋಣ ಅಂದ್ಕಂಡೆ ಅಮ್ಮ. ಕೋಣ ಹಿಂಗೆ ಪೀಪಿ ಊದ್ಕಂಡು ಬರ್ತದಾ ಅಂತ ಆಮೇಲೆ ಹೊಳೀತು."

ಅತ್ತಿಗೆಯನ್ನು ಎಬ್ಬಿಸಿ, ಕೈ, ಕಾಲು, ಕುತ್ತಿಗೆ, ಮಂಡಿ, ಕಣ್ಣು ಎಲ್ಲವನ್ನೂ ನಾನು ಎರಡೆರಡು ಸಲ ಪರೀಕ್ಷಿಸಿದೆ. ಮೊಣಕೈಯಲ್ಲಿ ಒಂದು ಗೀರು ಕೂಡ ಇರಲಿಲ್ಲ. ಕಿವಿಯಲ್ಲಿ ಒಂದು ಹಣ್ಣಿತ್ತು.

ಅಷ್ಟರಲ್ಲಿ ಯಜಮಾನಿಯ ಸೊಂಟದಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಅವರ ಹೆಸರು ರುಕ್ಮಿಣಮ್ಮ, ಮಾತಾಡುತ್ತಿರುವವನು ಮಗ ಪ್ರಶಾಂತ್, ಕೆಲಸದ ಮೇಲೆ ಚಿಕ್ಕಮಗಳೂರಿಗೆ ಹೋಗಿದ್ದಾನೆ ಎನ್ನುವುದೆಲ್ಲ ಆಮೇಲೆ ಗೊತ್ತಾಯಿತು. ಫೋನಿನ ಸ್ಪೀಕರು ಜೋರಾಗಿತ್ತು.

"ಅಮ್ಮ, ಕಣದಲ್ಲಿ ಏನೋ ನುಗ್ಗಿದ ಹಂಗಾಯ್ತು. ಕ್ಯಾಮೆರಾದಲ್ಲಿ ಕಾಣ್ತಾ ಇದೆ. ಹಂದಿನಾ?"

ನಾನು ತಲೆ ಎತ್ತಿ ನೋಡಿದೆ. ಗೋದಾಮಿನ ಸೂರಿನಿಂದ ಒಂದು ಕ್ಯಾಮೆರಾ ನಮ್ಮನ್ನೇ ದಿಟ್ಟಿಸುತ್ತಿತ್ತು. ಕಾಫಿಗೆ ಬೆಲೆ ಬಂದ ಮೇಲೆ ಕಳ್ಳರ ಭಯಕ್ಕೆ ಕಣಗಳಿಗೆಲ್ಲ ಈಗ ಇದು ಬಂದಿದೆ. ನಾವೆಲ್ಲ ಸರಿದು ಅದರ ಕೆಳಗಿನ ಗೋಡೆಯ ಬುಡಕ್ಕೆ ಹೋಗಿ ಅವಿತೆವು. ರುಕ್ಮಿಣಮ್ಮ ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೂಂ ಮಾರಾಯ. ಹಂದಿ."

"ಹಳದಿ ಬಣ್ಣ ಇತ್ತಲ್ಲ?"

"ಬಿಸ್ಲಿಗೆ ಹಂಗೆ ಕಾಣ್ತದೆ. ಓಡ್ಸಿಯಾಯ್ತು."

"ನೀವು ಕಣಕ್ಕೆ ಇಳೀಬೇಡಿ ಅಮ್ಮ. ಮಂಡಿ ಆಪರೇಷನ್ ಆಗಿ ಎಷ್ಟು ದಿನ ಆಯ್ತು? ಡಾಕ್ಟ್ರು ಏನು ಹೇಳಿದಾರೆ?"

"ನಾನ್ಯಾಕೆ ಇಳೀಲಿ," ಎಂದರು ಕಣದಲ್ಲೇ ಬರಿಗಾಲಲ್ಲಿ ನಿಂತ ರುಕ್ಮಿಣಮ್ಮ. ಫೋನು ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸುಳ್ಳು ಹೇಳಿದ ಮುಖ ಹೇಗಿರುತ್ತದೆ ಎಂದು ನಾನು ಹತ್ತಿರದಿಂದ ನೋಡಿದೆ. ಸ್ನಾನ ಮಾಡಿ ಬಂದ ಮುಖದ ಹಾಗೇ ಇತ್ತು.

"ಕ್ಷಮಿಸಿ, ನಿಮ್ಮನ್ನ ಹಂದಿ ಅಂದೆ."

"ಅಯ್ಯೋ, ಅನ್ನಿ," ಎಂದರು ಅತ್ತಿಗೆ. "ನನಗೂ ಇಂಥವನೇ ಒಬ್ಬ ಇದಾನೆ. ಬಿದ್ದೆ ಅಂತ ಗೊತ್ತಾದ್ರೆ ಕಾರು ತಂದು ಹೊತ್ಕೊಂಡು ಹೋಗ್ತಾನೆ. ಮಲ್ಪೆ ಸಮುದ್ರಕ್ಕೆ ಹೊರಟಿದೀವಿ, ಇನ್ನೂ ಅಷ್ಟು ದೂರ ಇದೆ, ನೋಡಿ."

"ಇವರು ಯಾರು?" ರುಕ್ಮಿಣಮ್ಮ ನನ್ನ ಕಡೆ ಗಲ್ಲ ತೋರಿಸಿದರು.

"ಇವಳಾ? ಇವಳು ನನ್ನ ಕ್ಯಾಮೆರಾ."

ಮೂವರೂ ನಕ್ಕರು. ನಾನು ನಗಲಿಲ್ಲ. ನಾನು ಸೈಕಲ್ಲಿನ ಚಕ್ರ ಮುಟ್ಟಿ ನೋಡುತ್ತಿದ್ದೆ. ಉಕ್ಕಿನ ಅಂಚು ನುಣ್ಣಗೆ ಜಾರುತ್ತಿತ್ತು. ಬೆರಳು ಮೂಸಿದೆ. ದೇವರ ಮನೆಯ ವಾಸನೆ, ಎಳೆ ಮಗುವಿನ ತಲೆಯ ವಾಸನೆ, ತಿಪಟೂರಿನ ವಾಸನೆ.

"ಅತ್ತಿಗೆ, ಬ್ರೇಕಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ರಾ?"

"ಕಿರುಗುಟ್ತಿತ್ತಲ್ಲೇ! ನಮ್ಮೂರಲ್ಲಿ ಯಾವುದಕ್ಕೆ ಹಚ್ಚಲ್ಲ ಹೇಳು. ಬಾಗಿಲಿಗೆ ಹಚ್ತೀವಿ, ತೊಟ್ಟಿಲಿಗೆ ಹಚ್ತೀವಿ, ಬಾವಿ ಗಾಲಿಗೆ ಹಚ್ತೀವಿ, ನಿಮ್ಮಣ್ಣನ ಬೋಳುತಲೆಗೆ ಹಚ್ತೀವಿ..."

"ಅವು ಯಾವುದೂ ನಿಲ್ಲಬೇಕಾಗಿಲ್ಲ ಅತ್ತಿಗೆ! ಬ್ರೇಕು ನಿಲ್ಲಬೇಕು!"

"ಬೆಳಿಗ್ಗೆ ಚೆನ್ನಾಗಿ ಹಿಡೀತಿತ್ತು ಕಣೆ."

ಹಿಡಿಯದೆ ಏನು? ಬೆಳಿಗ್ಗೆ ಅದು ಎಣ್ಣೆಯಾಗಿರಲಿಲ್ಲ, ಮೇಣವಾಗಿತ್ತು. ಏರಿನಲ್ಲಿ ಬ್ರೇಕಿನ ಕೆಲಸವೂ ಇರಲಿಲ್ಲ. ಬಿಸಿಲು ಬಂತು, ಇಳಿಜಾರು ಬಂತು, ರಬ್ಬರು ಉಜ್ಜಿ ಕಾವೇರಿತು, ಎಣ್ಣೆ ಕರಗಿತು. ಚಳಿಗೆ ಗಟ್ಟಿಯಾಗುವ ಎಣ್ಣೆ, ಎಲ್ಲಕ್ಕೂ ಅದನ್ನೇ ಹಚ್ಚುವ ತೆಂಗಿನ ಸೀಮೆಯ ಹೆಂಗಸು, ಕಾಫಿ ಸೀಮೆಯ ಇಳಿಜಾರು. ಈ ಮೂರೂ ಒಂದೇ ಬೆಳಿಗ್ಗೆ ಒಂದೇ ಸೈಕಲ್ಲಿನ ಮೇಲೆ ಕೂಡಿದ್ದವು.

"ನಿನ್ನದಕ್ಕೂ ಹಚ್ಚೋಣ ಅಂತಿದ್ದೆ," ಎಂದರು ಅತ್ತಿಗೆ ಪ್ರೀತಿಯಿಂದ. "ಆ ಚಳೀಲಿ ಎಣ್ಣೆ ಎಲ್ಲಿ ಬರ್ತಿತ್ತು. ಕೆರೆದೂ ಕೆರೆದೂ ಕೈ ಸೋತು ಮಲಗಿಬಿಟ್ಟೆ."

ಇಬ್ಬರೂ ಒಬ್ಬರ ಹಿಂದೆ ಒಬ್ಬರು, ವಿಷಲ್ ಊದುತ್ತ, ಗೇಟಿನೊಳಗೆ ನುಗ್ಗಿ, ಒಂದೇ ಗುಡ್ಡೆಗೆ ಹೊಕ್ಕ ಚಿತ್ರ ನನ್ನ ಕಣ್ಣ ಮುಂದೆ ಬಂತು. ಗೇಟು ಮುಚ್ಚಿದ್ದರೆ ಎಂಬ ಚಿತ್ರವೂ ಅದರ ಹಿಂದೆ ಬಂತು. ಕಣದ ಅಂಚಿನಲ್ಲಿ ಕೂತುಬಿಟ್ಟೆ. ಅಳು ಬರುತ್ತದೆ ಎಂದುಕೊಂಡರೆ ಬಂದದ್ದು ನಗು. ಹೊಟ್ಟೆಯ ತಳದಿಂದ ಎದ್ದು, ನಿಲ್ಲಿಸಿದರೂ ನಿಲ್ಲದೆ, ಮೂಗಿನಿಂದಲೂ ಬಂತು. ಅತ್ತಿಗೆ ನನ್ನ ಬೆನ್ನು ತಟ್ಟಿದರು. "ಇವಳಿಗೂ ಬ್ರೇಕ್ ಹೋಯ್ತು," ಎಂದರು ರುಕ್ಮಿಣಮ್ಮನಿಗೆ.

ಆಮೇಲೆ ಕೆಲಸ ಶುರುವಾಯಿತು. ಕಣ ಕೆಡಿಸಿದವರು ಕಣ ಎಳೆಯಬೇಕು ಎಂದು ತಿಮ್ಮಮ್ಮ ಅತ್ತಿಗೆಯ ಕೈಗೆ ಹಲಗೆ ಕೊಟ್ಟರು. ಅತ್ತಿಗೆ ಸಾಲುಗಳನ್ನು ಖೋ ಖೋ ಅಂಕಣದ ಗೆರೆಯಷ್ಟು ನೆಟ್ಟಗೆ ಎಳೆದರು. ರುಕ್ಮಿಣಮ್ಮ ಅಂಟುವಾಳದ ನೊರೆ, ಒಲೆಯ ಬೂದಿ ಮತ್ತು ಬಿಸಿನೀರು ತರಿಸಿಕೊಟ್ಟರು. ನಾನು ಚಕ್ರಗಳನ್ನು ತೊಳೆದೆ, ಒರೆಸಿದೆ, ಮೂಸಿದೆ, ಮತ್ತೆ ತೊಳೆದೆ. ಬ್ರೇಕಿನ ರಬ್ಬರುಗಳನ್ನು ಬಿಚ್ಚಿ ಮೇಲ್ಮೈ ಸವೆಯುವಂತೆ ಒರಟು ಕಲ್ಲಿನ ಮೇಲೆ ತಿಕ್ಕಿದೆ. ನಡುವೆ ಕಾಫಿ ಬಂತು, ಅಕ್ಕಿರೊಟ್ಟಿ ಬಂತು, ಬೇಡ ಎಂದರೆ ಇನ್ನೊಂದು ರೊಟ್ಟಿ ಬಂತು.

ಎಲ್ಲ ಜೋಡಿಸಿ ಕಣದ ಖಾಲಿ ಅರ್ಧದಲ್ಲಿ ನಾನೇ ಸೈಕಲ್ ಹತ್ತಿ ಬ್ರೇಕು ಹಿಡಿದೆ.

ಕಿ...ರ್!

ನಾಯಿ ಎದ್ದು ಬೊಗಳಿತು. ಇಷ್ಟು ಸೊಗಸಾದ ಸದ್ದನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೊಮ್ಮೆ ಹಿಡಿದೆ. ಚಕ್ರ ಕಚ್ಚಿ ನಿಂತಿತು.

ರುಕ್ಮಿಣಮ್ಮ ಸೈಕಲ್ಲಿನ ಸೀಟನ್ನು ಸವರುತ್ತ ನಿಂತಿದ್ದರು. "ವಸ್ತಾರೆ ನಮ್ಮ ತವರು," ಎಂದರು. "ಅಲ್ಲಿ ನಮ್ಮಪ್ಪನ ಸೈಕಲ್ ಹೊಡೀತಿದ್ದೆ. ಇಲ್ಲಿಗೆ ಕೊಟ್ರು. ಈ ಕಡೆ ಎಲ್ಲಿ ನೋಡಿದ್ರೂ ಏರು, ಇಲ್ದಿದ್ರೆ ಇಳುಕ್ಲು. ಸಮ ಅಂತ ಇರೋದು ಈ ಕಣ ಒಂದೇ. ಕಣದಲ್ಲಿ ಯಾವಾಗ್ಲೂ ಕಾಫಿ." ಸೀಟಿನಿಂದ ಕೈ ತೆಗೆಯದೆ, "ಒಂದು ಸುತ್ತು?" ಎಂದರು.

"ಬೇಡ," ಎಂದೆ ನಾನು. "ಮಂಡಿ. ಆಪರೇಷನ್. ಡಾಕ್ಟ್ರು."

"ಡಾಕ್ಟ್ರು ಮನೇಲಿ ನಿಂತಲ್ಲೇ ತುಳಿಯೋ ಸೈಕಲ್ ತುಳೀಲಿ ಅಂತ ಹೇಳಿದಾರೆ. ಇದೂ ತುಳಿಯೋದೇ."

ನಾನು ಬಾಯಿ ತೆರೆಯುವ ಮೊದಲೇ ತಿಮ್ಮಮ್ಮ ಹಲಗೆಯ ತುದಿಗೆ ಒಂದು ಗೋಣಿಚೀಲ ಸಿಕ್ಕಿಸಿ ಕ್ಯಾಮೆರಾದ ತಲೆಗೆ ಹೊದಿಸಿಬಿಟ್ಟಿದ್ದರು. ಮತ್ತೆ ಏನು ಮಾಡಲಿ? ಸೀಟನ್ನು ಅತ್ಯಂತ ಕೆಳಗೆ ಇಳಿಸಿದೆ. ನನ್ನ ಹೆಲ್ಮೆಟ್ಟನ್ನು ರುಕ್ಮಿಣಮ್ಮನಿಗೆ ಹಾಕಿ ಪಟ್ಟಿ ಬಿಗಿದೆ. ಸೀರೆಯ ಕಚ್ಚೆ ಕಟ್ಟಿದ್ದು ಸರಿಯಿದೆಯೇ ಎಂದು ಎಳೆದು ನೋಡಿದೆ. ಒಂದು ಬದಿ ಅತ್ತಿಗೆ, ಇನ್ನೊಂದು ಬದಿ ನಾನು, ಸೀಟು ಹಿಡಿದು ಓಡಿದೆವು. ಹಿಂದಿನಿಂದ ತಿಮ್ಮಮ್ಮ, "ಅಮ್ಮ, ಬಲಕ್ಕೆ! ಕಾಫಿ ಮೇಲೆ ಹೋಗ್ಬೇಡಿ!" ಎಂದು ಕೂಗುತ್ತ ಓಡಿದರು. ಮೊದಲ ಸುತ್ತು ಓಲಾಡಿತು. ಎರಡನೆಯದರಲ್ಲಿ ಹ್ಯಾಂಡಲ್ಲು ನೆಟ್ಟಗಾಯಿತು. ಅತ್ತಿಗೆ ಕಣ್ಸನ್ನೆ ಮಾಡಿ ಕೈ ಬಿಟ್ಟರು. ನಾನು ಬಿಡಲಿಲ್ಲ. "ಬಿಡಿ ಮಾರಾಯ್ತಿ, ಬಿಡಿ!" ಎಂದು ರುಕ್ಮಿಣಮ್ಮ ಬೈದ ಮೇಲೆ ಬಿಟ್ಟೆ, ಆದರೆ ಪಕ್ಕದಲ್ಲೇ ಕೈ ಚಾಚಿಕೊಂಡು ಓಡಿದೆ. ಅವರು ಒಂದು ಪೂರ್ತಿ ಸುತ್ತು ಒಬ್ಬರೇ ಹೊಡೆದು, ಜಗುಲಿಯ ಎದುರು ಬಂದು, ಬ್ರೇಕು ಹಿಡಿದರು. ಕಿ...ರ್! ಆ ಸದ್ದಿಗಿಂತ ಜೋರಾಗಿ ಅವರೇ ಕಿರುಚಿದರು, ಹುಡುಗಿಯರು ಜೋಕಾಲಿಯಲ್ಲಿ ಕಿರುಚುವ ಹಾಗೆ.

ಫೋನು ಮತ್ತೆ ಹೊಡೆದುಕೊಂಡಿತು.

"ಅಮ್ಮ, ಕ್ಯಾಮೆರಾ ಕಪ್ಪಾಗಿಬಿಟ್ಟಿದೆ!"

"ಮಂಗ ಮಾರಾಯ, ಮಂಗ," ಎಂದರು ರುಕ್ಮಿಣಮ್ಮ ಏದುಸಿರು ಬಿಡುತ್ತ.

"ಹಂದಿ ಆಯ್ತು, ಮಂಗ ಆಯ್ತು. ಇನ್ನೇನು ಬಾಕಿ?"

"ಆನೆ. ಅದು ಬಾಳೂರಲ್ಲೇ ಇದೆಯಂತೆ. ನೀನು ನಿಧಾನಕ್ಕೆ ಬಾ."

ಹೊರಡುವಾಗ ರುಕ್ಮಿಣಮ್ಮ ನಮ್ಮ ಚೀಲಗಳಿಗೆ ಕಿತ್ತಳೆ ತುಂಬಿದರು. ಅತ್ತಿಗೆಯ ಕೈ ಹಿಡಿದು, "ನೀವು ಬಿದ್ದದ್ದು ಇಲ್ಲೇ ಇರ್ತದೆ. ನಾನು ಹತ್ತಿದ್ದು ನಿಮ್ಮ ಹತ್ರ ಇರ್ಲಿ," ಎಂದರು. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಬೂಟಿನ ಲೇಸು ಕಟ್ಟಿಕೊಳ್ಳುವುದರಲ್ಲಿ ಮುಳುಗಿದ್ದೆ.

ಬಾಳೂರು ದಾಟುವವರೆಗೂ ಅತ್ತಿಗೆ ಡ್ರಿಲ್ಲು ಹೇಳಲಿಲ್ಲ. ಆನೆಯೂ ಕಾಣಲಿಲ್ಲ. ಹಿರೇಬೈಲಿನ ಹತ್ತಿರ ಒಂದು ಏರಿನಲ್ಲಿ ಸೈಕಲ್ ಇಳಿದು ತಳ್ಳುತ್ತಿದ್ದಾಗ ಅವರೇ ಮಾತು ತೆಗೆದರು.

"ಸಂಜೆ ಅವನಿಗೆ ಹೇಳಿಬಿಡು, ಮಾಲೂ. ಬಿದ್ದೆ ಅಂತ."

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ.

"ರುಕ್ಮಿಣಮ್ಮನ ವಿಷಯ ಬೇಡ. ನನ್ನದು ಹೇಳು. ನಾನೇ ಒಪ್ಕೊಂಡ ಷರತ್ತು. ನೀನು ಸುಳ್ಳು ಹೇಳೋಳಲ್ಲ, ನನ್ನ ಸಲುವಾಗಿ ಶುರು ಮಾಡೋದು ಬೇಡ. ಸಮುದ್ರ ಎಲ್ಲೂ ಹೋಗಲ್ಲ."

ಸಮುದ್ರ ಎಲ್ಲೂ ಹೋಗುವುದಿಲ್ಲ, ನಿಜ. ಆದರೆ ಒಮ್ಮೆ ಕಾರಿನ ಮೇಲೆ ಕಟ್ಟಿ ಒಯ್ದ ಸೈಕಲ್ಲನ್ನು ಮತ್ತೆ ಬಿಚ್ಚಿಕೊಡುವವರು ಯಾರು? ವಿಘ್ನೇಶ ಒಳ್ಳೆಯ ಮಗ. ಅಂಥ ಒಳ್ಳೆಯ ಮಗ ಅದನ್ನು ಮಾರಿಯೂ ಬಿಡುತ್ತಾನೆ. ನಾನು ಸೈಕಲ್ ತಳ್ಳಿದೆ.

ಕಳಸದ ಕಡೆಗಿನ ಕೊನೆಯ ಇಳುಕಲು ಬಂತು. ಕೆಳಗೆಲ್ಲೋ ಭದ್ರೆ ಮರಗಳ ಸಂದಿಯಲ್ಲಿ ಹೊಳೆದು ಮಾಯವಾದಳು. ಈ ಸಲ ಅತ್ತಿಗೆಯನ್ನು ಹಿಂದೆ ಬರಲು ಹೇಳಿ ನಾನು ಮುಂದೆ ಹೋದೆ. ಹಿಂದಿನಿಂದ ಕಿ...ರ್, ಕಿ...ರ್ ಎಂದು ಅವರ ಬ್ರೇಕು ಕೇಳುತ್ತಲೇ ಇತ್ತು. ಅವರು ಜೋಪಾನವಾಗಿದ್ದಾರೆ ಎಂದು ಪ್ರತಿ ತಿರುವಿನಲ್ಲೂ ಅದು ನನಗೆ ಹೇಳುತ್ತಿತ್ತು. ನನ್ನ ಚಿಂತೆಯನ್ನು ಅದೇ ಹೊತ್ತುಕೊಂಡಂತೆ ಇತ್ತು. ಒಂದು ನೇರ ಇಳಿಜಾರಿನಲ್ಲಿ, ಮುಂದೆ ಗಾಡಿಯಿಲ್ಲ, ನಾಯಿಯಿಲ್ಲ, ಗುಂಡಿಯಿಲ್ಲ ಎಂದು ಮೂರೂ ನೋಡಿಕೊಂಡು, ನಾನು ಎರಡೂ ಬ್ರೇಕಿನಿಂದ ಬೆರಳು ತೆಗೆದೆ.

ಗಾಳಿ ಬಾಯೊಳಗೆ ನುಗ್ಗಿತು. ಕಣ್ಣಲ್ಲಿ ನೀರು ಬಂತು. ಸಿಲ್ವರ್ ಓಕ್‌ಗಳು ಒಂದಕ್ಕೊಂದು ಅಂಟಿಕೊಂಡು ಬೇಲಿಯಾದವು. ಚೀಲದಿಂದ ಒಂದು ಕಿತ್ತಳೆ ಜಿಗಿದು ನನ್ನ ಜೊತೆಗೇ ಸ್ವಲ್ಪ ದೂರ ಉರುಳಿತು. ಯಾರೋ "ಹೋ!" ಎಂದು ಉದ್ದಕ್ಕೆ ಕೂಗಿದರು. ಗಂಟಲು ಉರಿದಾಗ ಅದು ನಾನೇ ಎಂದು ತಿಳಿಯಿತು.

ಕೆಳಗೆ ಸೇತುವೆಯ ಹತ್ತಿರ ಕಾಯುತ್ತಿದ್ದಾಗ ಅತ್ತಿಗೆ ಕಿರುಗುಟ್ಟುತ್ತ ಬಂದು ನಿಂತರು. "ಯಾರೇ ಅದು ಕೂಗಿದ್ದು?"

"ಯಾರೋ ತೋಟದಲ್ಲಿ," ಎಂದೆ.

ಅತ್ತಿಗೆ ನನ್ನನ್ನು ಬಹಳ ಹೊತ್ತು ನೋಡಿದರು.

ಕಳಸದ ಪೇಟೆ ತಲುಪಿದಾಗ ದೇವಸ್ಥಾನದ ಮೆಟ್ಟಿಲುಗಳ ಮೇಲೆ ಸಂಜೆಯ ಬಿಸಿಲಿತ್ತು. ಸೈಕಲ್ ನಿಲ್ಲಿಸುತ್ತಲೇ ಫೋನು ಬಂತು. ಅತ್ತಿಗೆ ಸ್ವಲ್ಪ ದೂರ ಹೋಗಿ, ನನಗೆ ಬೆನ್ನು ಹಾಕಿ, ಚೀಲದ ಹಗ್ಗ ಬಿಚ್ಚತೊಡಗಿದರು. ಕಾರಿನ ಮೇಲೆ ಕಟ್ಟಲು ಅನುಕೂಲವಾಗಲಿ ಎಂದು.

"ಅತ್ತೆ, ಅಮ್ಮ ಬಿದ್ರಾ?"

ನನ್ನ ಬಳಿ ವಾಕ್ಯಗಳು ತಯಾರಿದ್ದವು. ನೆಲಕ್ಕೆ ಬೀಳಲಿಲ್ಲ ಎನ್ನಬಹುದಿತ್ತು. ಕಾಫಿಗೆಂದು ಒಂದು ಕಡೆ ನಿಂತೆವು ಎನ್ನಬಹುದಿತ್ತು. ಹಿರೇಬೈಲಿನಿಂದ ಇಲ್ಲಿಯವರೆಗೆ ನಾನು ಅವುಗಳನ್ನು ಉಜ್ಜಿ ಹೊಳೆಯಿಸಿದ್ದೆ. ಈಗ ಅವೆಲ್ಲ ಕೊಬ್ಬರಿ ಎಣ್ಣೆ ಹಚ್ಚಿದಂತೆ ಕಂಡವು. ಬ್ರೇಕನ್ನು ನಾನೇ ತೊಳೆದಿದ್ದೇನೆ, ನಾನೇ ಹಿಡಿದು ನೋಡಿದ್ದೇನೆ. ನಾಳೆ ಬೆಳಿಗ್ಗೆ ಮತ್ತೆ ನೋಡುತ್ತೇನೆ.

"ಇಲ್ಲ," ಎಂದೆ.

"ಸರಿ ಬಿಡಿ. ನೀವು ಹೇಳಿದ್ಮೇಲೆ ಮುಗೀತು."

ಅದು ಚುಚ್ಚಿತು. ಚುಚ್ಚಲಿ ಎಂದುಕೊಂಡೆ. ಫೋನು ಒಳಗಿಟ್ಟು ಕನ್ನಡಿಯ ಬದಲು ಅಂಗಡಿಯೊಂದರ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ಬಿಸಿಲಿಗೆ ಕೆಂಪಾಗಿತ್ತು, ಅಷ್ಟೇ.

"ಏನಂದೆ?" ಅತ್ತಿಗೆ ತಿರುಗದೆಯೇ ಕೇಳಿದರು.

"ಹಗ್ಗ ವಾಪಸ್ ಕಟ್ಟಿ. ನಾಳೆ ಕುದುರೆಮುಖದ ಏರು ಇದೆ."

ಕಳಸದ ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಒಂದು ವಿಷಲ್ ಕೇಳಿಸಿತು. ಊದಿದವರು ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಅವರ ಹೆಲ್ಮೆಟ್ಟಿನ ಪಟ್ಟಿಯಲ್ಲಿ ಒಣಗಿದ ಕಾಫಿ ಹಣ್ಣೊಂದು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಜೇಬಿಗೆ ಹಾಕಿಕೊಂಡೆ. ಅವರ ಚೀಲದಿಂದ ಎಣ್ಣೆಯ ಬಾಟಲಿಯನ್ನು ತೆಗೆದು ನನ್ನ ಚೀಲದ ತಳಕ್ಕೆ ಹಾಕಿದೆ. ಅತ್ತಿಗೆ ಬಿದ್ದದ್ದು, ರುಕ್ಮಿಣಮ್ಮ ಸೈಕಲ್ ಹತ್ತಿದ್ದು, ಆ ನೇರ ಇಳಿಜಾರಿನಲ್ಲಿ ಕೂಗಿದ್ದು ಯಾರು ಎನ್ನುವುದು, ಇವುಗಳಲ್ಲಿ ಒಂದನ್ನೂ ವಿಘ್ನೇಶನಿಗಾಗಲಿ, ಅಣ್ಣನಿಗಾಗಲಿ, ಬೇರೆ ಯಾರಿಗೇ ಆಗಲಿ ಹೇಳುವುದಿಲ್ಲ ಎಂದು ಅಲ್ಲೇ, ಆ ಮೆಟ್ಟಿಲುಗಳ ಬುಡದಲ್ಲಿ, ಕಿತ್ತಳೆ ಸುಲಿಯುತ್ತ ತೀರ್ಮಾನಿಸಿದೆ.